ಚೈತ್ರದ ಗಾಳಿ, ಶ್ರಾವಣದ ನೀರು ಮತ್ತು ನಮ್ಮ ವಿಮೆ
(ಸಂಘದ ರಜತ ಮಹೋತ್ಸವದ ನಿಮಿತ್ತ ರಾಜೂರಿನಲ್ಲಿ ನಡೆದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ 25 ವರ್ಷ ತುಂಬಿದ ಈ ಸಂದರ್ಭದಲ್ಲಿ ಸಂಘದ ಹುಟ್ಟು, ಬೆಳವಣಿಗೆ, ಠೇವು, ಸಾಲ ವಸೂಲಿ ಇವುಗಳ ಬಗ್ಗೆ ಕಾರ್ಯದರ್ಶಿಗಳು ವರದಿ ಓದಿದ್ದಾರೆ. ಅದನ್ನು ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಸಹಕಾರದ ವಿಷಯದಾಗ ನಮ್ಮ ಜಿಲ್ಲೆಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ. 1904ರಲ್ಲಿ ಸಹಕಾರಿ ಕಾಯಿದೆ ಬಂತು, 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಬೇಕು ಅಂತ ಆ ಹಿರಿಯರು ಹೊರಟಿದ್ದು. ಈಗ ಬಡ್ಡಿಯ ಭಾರ ಬಹಳ ಕಡಿಮೆಯಾಗಿದೆ. 2023ರಿಂದ 5 ಲಕ್ಷದವರೆಗೆ ಬಡ್ಡಿ ಇಲ್ಲದ ಬೆಳೆಸಾಲಕ್ಕೆ ಅವಕಾಶ ಆಗಿದೆ. ಆದರೆ ಬಡ್ಡಿ ಇಲ್ಲ ಅಂದರೂ ಅಸಲು ತೀರಿಸಬೇಕಲ್ಲ? ಬೆಳೆ ನೀರಾಗ ಹೋದರೆ ಅಸಲು ಎಲ್ಲಿಂದ ಬರಬೇಕು? ನಮಗೆ ಮಂಡಳಿ ಕೊಟ್ಟ ವಿಷಯ "ವಸಂತದ ಹವೆ, ಗಾಳಿಯ ಶುದ್ಧತೆ ಮತ್ತು ಪ್ರವಾಹ ವಿಮೆ" ಅಂತ. ಕೇಳಿದ ಕೂಡಲೇ ಕೆಲವರು "ಮೂರೂ ಬ್ಯಾರೆ ಬ್ಯಾರೆ ಅದಾವು, ಹ್ಯಾಂಗ ಕೂಡಿಸ್ತೀರಿ?" ಅಂದರು. ನಮ್ಮ ಅನುಭವದ ಪ್ರಕಾರ ಅವು ಬೇರೆ ಅಲ್ಲ. ಅದನ್ನೇ ಹೇಳುತ್ತೇವೆ.

ಮೊದಲು ಒಂದು ಮಾತು. "ರಾಜೂರಿಗೂ ಪ್ರವಾಹಕ್ಕೂ ಏನು ಸಂಬಂಧ? ನಮ್ಮದೇನು ಹೊಳಿಸಾಲ ಏನ?" ಅಂತ ನಮ್ಮ ಊರಲ್ಲಿ ಅನ್ನುವವರು ಬಹಳ. ಪ್ರವಾಹ ಅಂದರೆ ನಮಗೆ ನೆನಪಾಗುವುದು ಮಲಪ್ರಭಾ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಅಣೆಕಟ್ಟಿಗೆ ಬಂದು, ಅಲ್ಲಿಂದ ನರಗುಂದ, ರೋಣ ತಾಲೂಕಿನ ಅಂಚು ಹಿಡಿದು ಕೂಡಲಸಂಗಮಕ್ಕೆ ಹೋಗುವ ಹೊಳೆ ಅದು. ಅದಕ್ಕೆ ಬೆಣ್ಣಿಹಳ್ಳ ಬಂದು ಕೂಡುತ್ತದೆ. ಅಣೆಕಟ್ಟಿನ ನೀರಿಗೆ ಗೇಟು ಇದೆ, ಬೆಣ್ಣಿಹಳ್ಳಕ್ಕೆ ಗೇಟಿಲ್ಲ. ಎರಡೂ ಒಂದೇ ವೇಳೆಗೆ ತುಂಬಿ ಬಂದರೆ ಮೆಣಸಗಿ, ಹೊಳೆಆಲೂರ ಭಾಗದ ಜನರಿಗೆ ಓಡಲಿಕ್ಕೂ ದಾರಿ ಇರುವುದಿಲ್ಲ.

2009ರ ಸಂಗತಿ ಇಲ್ಲಿ ಕುಳಿತ ಎಲ್ಲರಿಗೂ ನೆನಪಿದೆ. ಆ ವರ್ಷ ಸೆಪ್ಟೆಂಬರ್ 28ಕ್ಕೆ ವಿಜಯದಶಮಿ. ಬನ್ನಿ ಕೊಟ್ಟು ಮನೆಗೆ ಬಂದ ಮರುದಿನದಿಂದ ಹಸ್ತ ಮಳೆ ಹಿಡಿದದ್ದು, ನಾಲ್ಕೈದು ದಿನ ಬಿಡಲಿಲ್ಲ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ 200ಕ್ಕಿಂತ ಹೆಚ್ಚು ಜನ ತೀರಿಕೊಂಡರು. ಮಣ್ಣಿನ ಮಾಳಿಗೆ ಮನೆಗಳು ನೆನೆದು ನೆನೆದು ಕುಳಿತವು. ಆಮೇಲೆ ಸರ್ಕಾರ "ಆಸರೆ" ಅಂತ ಯೋಜನೆ ಮಾಡಿ ಎತ್ತರದಲ್ಲಿ ನವಗ್ರಾಮ ಕಟ್ಟಿಸಿತು. ಅದಾದ ಹತ್ತು ವರ್ಷಕ್ಕೆ, 2019ರ ಆಗಸ್ಟಿನಲ್ಲಿ, ಆಶ್ಲೇಷ ಮಳೆಯಲ್ಲಿ ಮತ್ತೆ ನವಿಲುತೀರ್ಥದಿಂದ ಲಕ್ಷದ ಆಸುಪಾಸು ಕ್ಯೂಸೆಕ್ ನೀರು ಬಿಟ್ಟರು. ಕೊಣ್ಣೂರ, ಲಖಮಾಪುರ ನೀರಿನಲ್ಲಿ ನಿಂತವು, ಹುಬ್ಬಳ್ಳಿ-ಸೊಲ್ಲಾಪುರ ಹೆದ್ದಾರಿಯೇ ಬಂದ್ ಆಯಿತು.

ಆದರೆ ಹೊಳಿಸಾಲಿನ ಪ್ರವಾಹಕ್ಕೆ ಒಂದು ಗುಣ ಇದೆ. ಅದು ಎಲ್ಲರ ಕಣ್ಣಿಗೆ ಬೀಳುತ್ತದೆ. ಮಂತ್ರಿಗಳು ಬರುತ್ತಾರೆ, ಪೇಪರಿನವರು ಬರುತ್ತಾರೆ, ಗಂಜಿ ಕೇಂದ್ರ ತೆರೆಯುತ್ತಾರೆ. ನಮ್ಮ ಕಡೆಯ ನೀರು ಹಾಂಗಲ್ಲ. ಗುಡ್ಡದಿಂದ ಇಳಿದು, ಮಸಾರಿ ಕೊರೆದು, ಎರಿಯ ತಗ್ಗಿನ ಹೊಲದಲ್ಲಿ ಬಂದು ಎರಡು ದಿನ ನಿಂತು ಹೋಗುತ್ತದೆ. ಮೂರನೇ ದಿನಕ್ಕೆ ಬಿಸಿಲು ಬಿದ್ದರೆ ರಸ್ತೆಯಲ್ಲಿ ಹೋಗುವವನಿಗೆ ಏನೂ ಆಗಿಲ್ಲ ಅನಿಸುತ್ತದೆ. ಹೆಸರಿನ ಬೇರು ಕೊಳೆತದ್ದು, ಉಳ್ಳಾಗಡ್ಡಿ ಒಳಗೆ ಮೆತ್ತಗಾದದ್ದು ಹೊಲದ ಮಾಲಕನಿಗಷ್ಟೇ ಗೊತ್ತು. ಒಬ್ಬನ ಹೊಲ ಹೋಗಿರುತ್ತದೆ, ಒಡ್ಡಿನ ಆಚೆ ಇರುವವನ ಹೊಲ ಚಲೋ ಇರುತ್ತದೆ. ನಮ್ಮ ಪ್ರವಾಹ ಊರಿಗೆ ಬರುವುದಲ್ಲ, ಸರ್ವೆ ನಂಬರಿಗೆ ಬರುವುದು. ಅದಕ್ಕಾಗಿ ನಮಗೆ ವಿಮೆಯ ತಿಳುವಳಿಕೆ ಹೊಳಿಸಾಲಿನವರಿಗಿಂತ ಒಂದು ಕೈ ಹೆಚ್ಚೇ ಬೇಕು.

ಈಗ ವಸಂತದ ವಿಷಯ. ಪುಸ್ತಕದಲ್ಲಿ ವಸಂತ ಅಂದರೆ ಮಾವಿನ ಚಿಗುರು, ಕೋಗಿಲೆ. ನಮ್ಮಲ್ಲಿ ಯುಗಾದಿ ಅಂದರೆ ಬೇವು-ಬೆಲ್ಲದ ಜೋಡಿ ಧೂಳು. ಹೋಳಿಹುಣ್ಣಿಮೆಗೆ ಸುರುವಾದ ಬಿಸಿಲು ರೋಹಿಣಿ ಮಳೆಯ ತನಕ ಇಳಿಯುವುದಿಲ್ಲ. ಗದಗ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆಯೇ ಸುಮಾರು 600 ಮಿಲಿಮೀಟರ್. ಅದರಲ್ಲಿ ಸ್ವಲ್ಪ ಪಾಲು ಈ ಅಶ್ವಿನಿ, ಭರಣಿ, ಕೃತ್ತಿಕಾದ ಅಡ್ಡಮಳೆಯಿಂದ ಬರುತ್ತದೆ. ಮಧ್ಯಾಹ್ನದ ತನಕ ಉರಿಬಿಸಿಲು, ನಾಲ್ಕು ಗಂಟೆಗೆ ಮೋಡ, ಐದಕ್ಕೆ ಸುಂಟರಗಾಳಿ, ಆಮೇಲೆ ಗುಡುಗು, ಸಿಡಿಲು, ಕೆಲವು ಸಲ ಆಣೆಕಲ್ಲು. ಕಾಲು ತಾಸಿನಲ್ಲಿ ತಗಡು ಹಾರಿ ಹೋಗುತ್ತವೆ. ನೆಲ ಕಾದು ಬಿಸಿ ಗಾಳಿ ಮೇಲೇರುತ್ತದೆ, ಅದರೊಳಗೆ ತೇವ ಸಿಕ್ಕರೆ ಮೋಡ ನೆಟ್ಟಗೆ ಮೇಲಕ್ಕೆ ಬೆಳೆಯುತ್ತದೆ, ಅಷ್ಟು ಎತ್ತರದಲ್ಲಿ ನೀರು ಹೆಪ್ಪುಗಟ್ಟಿ ಆಣೆಕಲ್ಲಾಗುತ್ತದೆ. ಅದಕ್ಕೇ ಈ ಮಳೆ ಒಂದು ಊರಿಗೆ ಬಿದ್ದು ಪಕ್ಕದ ಊರಿಗೆ ಬೀಳುವುದಿಲ್ಲ.

ಸಿಡಿಲಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇವೆ, ಯಾಕೆಂದರೆ ಇದು ಜೀವದ ಪ್ರಶ್ನೆ. ಮಳೆ ಬಂತೆಂದು ಬೇವಿನ ಗಿಡದ ಬುಡಕ್ಕೆ ಕುರಿ ಹೊಡಕೊಂಡು ಹೋಗಿ ನಿಲ್ಲಬೇಡಿ. ಮಿಂಚು ಕಂಡು ಗುಡುಗು ಕೇಳುವುದರೊಳಗೆ 30 ಎಣಿಸಲಿಕ್ಕೆ ಆಗಲಿಲ್ಲ ಅಂದರೆ ಸಿಡಿಲು ಹತ್ತಿರ ಇದೆ ಅಂತ ಲೆಕ್ಕ. ಪಕ್ಕಾ ಮನೆ, ಇಲ್ಲವೇ ಬಾಗಿಲು ಹಾಕಿದ ಮೋಟಾರು ಗಾಡಿಯ ಒಳಗೆ ಇರಬೇಕು, ಕಡೆಯ ಗುಡುಗು ಕೇಳಿ ಅರ್ಧ ತಾಸು ಆಗುವ ತನಕ ಹೊರಗೆ ಬರಬಾರದು. ಪುಣೆಯ ಹವಾಮಾನ ಸಂಸ್ಥೆಯವರು "ದಾಮಿನಿ" ಅಂತ ಮೊಬೈಲ್ ಆಪ್ ಮಾಡಿದ್ದಾರೆ, ಸಿಡಿಲು ಎಷ್ಟು ಹತ್ತಿರ ಅಂತ ತೋರಿಸುತ್ತದೆ. ನಮ್ಮ ಹುಡುಗರು ಮೊಬೈಲಿನಾಗ ಏನೇನೋ ನೋಡತಾರ, ಇದನ್ನೂ ಒಂದು ಹಾಕಿಕೊಳ್ಳಲಿ.

ಇನ್ನು ಗಾಳಿ. ಇದೇ ಚೈತ್ರ-ವೈಶಾಖದಲ್ಲಿ ನಮ್ಮ ಗಾಳಿ ಕೆಡುವುದು. ದಿಲ್ಲಿಯ ಹೊಗೆ ಬಗ್ಗೆ ಟಿ.ವಿ.ಯಲ್ಲಿ ನೋಡಿ "ನಮ್ಮ ಹಳ್ಳಿ ಗಾಳಿ ಬಂಗಾರ" ಅಂತ ಹೇಳಿಕೊಳ್ಳುತ್ತೇವೆ. ಮಳೆಗಾಲದಲ್ಲಿ ಅದು ನಿಜವೇ. ಬೇಸಿಗೆಯಲ್ಲಿ ಸಂಜೆ ಆರು ಗಂಟೆಗೆ ಊರ ಹೊರಗೆ ನಿಂತು ನೋಡಿ. ಗೋವಿನಜೋಳದ ದಂಟಿಗೆ ಬೆಂಕಿ, ತೊಗರಿ ಕಟಿಗೆಗೆ ಬೆಂಕಿ, ಒಡ್ಡಿನ ಹುಲ್ಲಿಗೆ ಬೆಂಕಿ, ತಿಪ್ಪೆಯಲ್ಲಿ ಗೊಬ್ಬರದ ಚೀಲ, ಹರಿದ ಪೈಪು, ಪ್ಲಾಸ್ಟಿಕ್ಕಿಗೆ ಬೆಂಕಿ. ಹಿಂಗಾರಿ ಕಡಲೆ ರಾಶಿ ಮಾಡುವಾಗ ಮಷೀನಿನ ಹೊಟ್ಟು ಓಣಿ ತುಂಬ. ರಾತ್ರಿ ಗಾಳಿ ನಿಂತರೆ ಹೊಗೆ ಮೇಲೆ ಹೋಗದೆ ಮನೆಯೊಳಗೇ ಕೂಡುತ್ತದೆ. ಆ ತಿಂಗಳು ಸಣ್ಣ ಮಕ್ಕಳಿಗೆ, ದಮ್ಮು ಇದ್ದ ಮುದುಕರಿಗೆ ಕೆಮ್ಮು ಏಳುವುದು ಎಲ್ಲರ ಮನೆಯಲ್ಲೂ ನೋಡಿದ್ದೇ.

ಗಾಳಿಯಲ್ಲಿ ಇರುವ ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳು ಕೆಟ್ಟದ್ದು. ನಮ್ಮ ತಲೆಗೂದಲಿನ ಮೂವತ್ತನೇ ಒಂದು ಪಾಲು ದಪ್ಪದ ಕಣಗಳು, ಎರಡೂವರೆ ಮೈಕ್ರಾನಿಗಿಂತ ಸಣ್ಣವು, ಹೊಗೆಯಿಂದ ಹುಟ್ಟುವಂಥವು. ಮೂಗಿನ ಕೂದಲು ಇವನ್ನು ತಡೆಯುವುದಿಲ್ಲ, ನೆಟ್ಟಗೆ ಪುಪ್ಪುಸದ ತಳಕ್ಕೆ ಹೋಗುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವು ದಿನದ ಸರಾಸರಿ 60 ಮೈಕ್ರೊಗ್ರಾಂ ದಾಟಬಾರದು ಅಂತ ನಮ್ಮ ದೇಶದ ನಿಯಮ. ಜಾಗತಿಕ ಆರೋಗ್ಯ ಸಂಸ್ಥೆಯವರು 2021ರಲ್ಲಿ 15 ಅಂತ ಹೇಳಿದರು. ರಾಶಿ ಮಾಡುವಾಗ ಮೂಗಿಗೆ ಒಂದು ಹಸಿ ಟವೆಲ್ ಕಟ್ಟಿಕೊಂಡರೆ ದಪ್ಪ ಧೂಳನ್ನಾದರೂ ತಡೆಯುತ್ತದೆ, ಹೊಗೆಯನ್ನು ತಡೆಯುವುದಿಲ್ಲ. ಹೊಗೆಗೆ ಔಷಧ ಅಂದರೆ ಬೆಂಕಿ ಹಚ್ಚದೇ ಇರುವುದು ಒಂದೇ.

ಈಗ ಸಂಬಂಧ ಎಲ್ಲಿ ಬಂತು ಅಂದಿರಾ? ಎರಿ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಕೈ ಇಳಿಯುವಷ್ಟು ಬಿರುಕು. ಮೊದಲ ಮಳೆಯ ನೀರು ಆ ಬಿರುಕಿನಲ್ಲಿ ಆಳಕ್ಕೆ ಇಳಿಯುತ್ತದೆ. ಒಮ್ಮೆ ನೆನೆದ ಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚುತ್ತದೆ, ಆಮೇಲೆ ಬಿದ್ದ ನೀರು ಒಳಗೆ ಹೋಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಮೇಲೇ ನಿಲ್ಲುತ್ತದೆ, ಇಲ್ಲ ಹರಿಯುತ್ತದೆ. ಹೊಲದ ದಂಟು, ಸದೆ, ಎಲೆ ಮಣ್ಣಿನಲ್ಲಿ ಕೊಳೆತಿದ್ದರೆ ಮಣ್ಣು ಹೊಯ್ಗಾಗಿ ನೀರು ಕುಡಿಯುತ್ತದೆ. ಸುಟ್ಟರೆ ಬರೀ ಬೂದಿ, ಮೊದಲ ಗಾಳಿಗೆ ಅದೂ ಹೋಗುತ್ತದೆ. ಒಡ್ಡಿನ ಹುಲ್ಲು ಸುಟ್ಟರೆ ಒಡ್ಡಿನ ಮಣ್ಣು ಹಿಡಿಯುವ ಬೇರೇ ಇಲ್ಲ. ಹೀಗೆ ಚೈತ್ರದಾಗ ಹಚ್ಚಿದ ಬೆಂಕಿ ಶ್ರಾವಣದಾಗ ಒಡ್ಡು ಒಡೆಯುತ್ತದೆ.

ಲೆಕ್ಕ ನೋಡಿ. ಒಂದು ಎಕರೆಗೆ ಒಂದು ಸೆಂಟಿಮೀಟರ್ ಮಳೆ ಬಿತ್ತೆಂದರೆ ಸುಮಾರು 40 ಸಾವಿರ ಲೀಟರ್ ನೀರು. ಒಂದೇ ರಾತ್ರಿ 10 ಸೆಂಟಿಮೀಟರ್ ಬಿದ್ದರೆ ಎಕರೆಗೆ ನಾಲ್ಕು ಲಕ್ಷ ಲೀಟರ್. ಮೇಲೆ ಗುಡ್ಡದ 50 ಎಕರೆಯ ನೀರಿನ ಅರ್ಧದಷ್ಟು ಕೆಳಗೆ ಇಳಿದರೂ ಒಂದು ಕೋಟಿ ಲೀಟರ್ ಆಯಿತು. ಅದು ನಿಮ್ಮ ನಾಲ್ಕು ಎಕರೆ ಹೊಲದ ಮೇಲೆ ಬರುತ್ತದೆ. ಕೋಡಿ ಸರಿ ಇದ್ದರೆ ಹಳ್ಳಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಬೆಳೆ ಮೇಲೆ ನಿಲ್ಲುತ್ತದೆ. ಆದಕಾರಣ ಒಡ್ಡಿನ ಕೋಡಿಗೆ ಕಲ್ಲು ಹಾಕುವುದು, ಬಸಿಗಾಲುವೆ ಹೂಳು ತೆಗೆಯುವುದು, ಹಳ್ಳದ ದಂಡೆಯ ಜಾಲಿ ಕಡಿದು ಮೋರಿ ಬಾಯಿ ಬಿಡಿಸುವುದು, ಇದೆಲ್ಲ ವೈಶಾಖದ ಕೆಲಸ. ಮೋರಿಯ ಕೆಳಗೆ ಕಸ ತುಂಬಿ ನೀರು ಹೊಲಕ್ಕೆ ತಿರುಗಿದ್ದನ್ನು ನಾವು ಒಂದಕ್ಕಿಂತ ಹೆಚ್ಚು ವರ್ಷ ನೋಡಿದ್ದೇವೆ. ಯಾರ ಕೆಲಸ ಅದು ಅಂತ ಕೇಳಿದರೆ ಒಂದು ಕಚೇರಿಯವರು ಇನ್ನೊಂದು ಕಚೇರಿ ತೋರಿಸಿದರು. ಇರಲಿ, ಆ ಮಾತು ಇಲ್ಲಿ ಬೇಡ.

ಇಷ್ಟೆಲ್ಲ ಮಾಡಿದರೂ ದೊಡ್ಡ ಮಳೆ ಬಂದರೆ ನಷ್ಟ ತಪ್ಪಿದ್ದಲ್ಲ. ಅದಕ್ಕೆ ವಿಮೆ. ಬೆಳೆ ವಿಮೆ ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ 1985ರಲ್ಲಿ ಬಂತು, 1999ರ ಹಿಂಗಾರಿಗೆ ಅದು ಬದಲಾಯಿತು, 2016ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಆಯಿತು. ರೈತನ ಕಂತು ಮುಂಗಾರಿ ಬೆಳೆಗೆ ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟದ ಬೆಳೆಗೆ 5. ಉಳಿದದ್ದನ್ನು ಕೇಂದ್ರ, ರಾಜ್ಯ ಸರ್ಕಾರಗಳು ತುಂಬುತ್ತವೆ. ಮೊದಲು ಬೆಳೆಸಾಲ ತೆಗೆದವರಿಗೆ ವಿಮೆ ಕಡ್ಡಾಯ ಇತ್ತು. 2020ರ ಮುಂಗಾರಿನಿಂದ ಅದು ರೈತನ ಇಚ್ಛೆಗೆ ಬಿಟ್ಟದ್ದು. ಬೇಡ ಅನ್ನುವ ಸಾಲಗಾರ ಕಡೆಯ ತಾರೀಖಿನ ಏಳು ದಿನ ಮೊದಲು ಬರೆದು ಕೊಡಬೇಕು. ಸಾಲ ಇಲ್ಲದವನು ತಾನೇ ಹೋಗಿ ಮಾಡಿಸಬೇಕು. "ಸಾಲ ತಗೊಂಡೀನಿ, ವಿಮಾ ಆಗೇ ಇರತೈತಿ" ಅಂತ ನಂಬಿ ಕೂಡಬೇಡಿ, ಕಂತು ಕಟ್ಟಿದ ಪಾವತಿ ಕೈಯಲ್ಲಿ ಹಿಡಿಯಿರಿ. ಒಂದೊಂದು ಬೆಳೆಗೆ ಒಂದೊಂದು ಕಡೆಯ ತಾರೀಖು, ಅದೂ ವರ್ಷವರ್ಷ ಹೊರಡುವ ಅಧಿಸೂಚನೆಯಂತೆ. ಹೆಸರು ಬಿತ್ತಿದವನು ಗೋವಿನಜೋಳದ ತಾರೀಖಿಗೆ ಕಾಯಬಾರದು.

ಈಗ ಎಲ್ಲರೂ ಜಗಳಾಡುವ ವಿಷಯಕ್ಕೆ ಬರುತ್ತೇವೆ. "ನನ್ನ ಹೊಲ ಪೂರಾ ಹೋತು, ನನಗೆ ರೂಪಾಯಿ ಬರಲಿಲ್ಲ. ಅವನ ಹೊಲ ಚಲೋ ಇತ್ತು, ಅವನ ಖಾತೆಗೆ ಜಮಾ ಆತು" ಅನ್ನುವ ಮಾತು. ಇದಕ್ಕೆ ಕಾರಣ ಇದೆ. ಈ ವಿಮೆ ಮೂಲತಃ ಹೊಲದ ಲೆಕ್ಕದ್ದಲ್ಲ, ಕ್ಷೇತ್ರದ ಲೆಕ್ಕದ್ದು. ಮುಖ್ಯ ಬೆಳೆಗೆ ಗ್ರಾಮ ಪಂಚಾಯತಿ ಒಂದು ಘಟಕ, ಉಳಿದವಕ್ಕೆ ಹೋಬಳಿ. ಪಂಚಾಯತಿಯಲ್ಲಿ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ಅದರ ಸರಾಸರಿ ಇಳುವರಿಯನ್ನು ಹಿಂದಿನ ಏಳು ವರ್ಷಗಳಲ್ಲಿ ಚಲೋ ಬಂದ ಐದು ವರ್ಷಗಳ ಸರಾಸರಿ ಹಿಡಿದು ನಿಗದಿ ಮಾಡಿದ ಇಳುವರಿಗೆ ಹೋಲಿಸುತ್ತಾರೆ. ಉದಾಹರಣೆಗೆ, ನಿಗದಿ ಇಳುವರಿ ಎಕರೆಗೆ 4 ಕ್ವಿಂಟಲ್ ಇದ್ದು ಪ್ರಯೋಗದಲ್ಲಿ 3 ಬಂತು ಅನ್ನಿ. ಕಡಿಮೆ ಬಿದ್ದದ್ದು ನಾಲ್ಕನೇ ಒಂದು ಪಾಲು. ಎಕರೆಗೆ 12,000 ರೂಪಾಯಿ ವಿಮಾ ಮೊತ್ತ ಇದ್ದರೆ 3,000 ಬರುತ್ತದೆ, ಆ ಘಟಕದಲ್ಲಿ ಆ ಬೆಳೆಗೆ ವಿಮೆ ಮಾಡಿಸಿದ ಎಲ್ಲರಿಗೂ, ಹೊಲ ಕೆಟ್ಟವನಿಗೂ ಕೆಡದವನಿಗೂ. ಪ್ರಯೋಗದಲ್ಲಿ 4 ಕ್ವಿಂಟಲ್ ಬಂದರೆ ಯಾರಿಗೂ ಇಲ್ಲ, ನಿಮ್ಮ ಹೊಲದಲ್ಲಿ ಒಂದು ಕಾಳು ಬರದಿದ್ದರೂ ಇಲ್ಲ. ಹೀಗಾಗಿ ಕಟಾವು ಪ್ರಯೋಗದ ದಿನ ಆ ನಂಬರಿನ ರೈತ ಅಷ್ಟೇ ಅಲ್ಲ, ನಾಲ್ಕು ಮಂದಿ ಹೋಗಿ ನಿಂತು ನೋಡಬೇಕು. ತೂಕ ಸರಿ ಆಗುತ್ತದೋ ಇಲ್ಲವೋ ಅನ್ನುವುದು ಎಲ್ಲರ ಪ್ರಶ್ನೆ.

ಹಂಗಾದರೆ ನೀರು ನಿಂತು ಒಬ್ಬನದೇ ಹೊಲ ಹೋದರೆ ಅವನಿಗೆ ಏನೂ ಇಲ್ಲವೇ? ಇದೆ. ಇದನ್ನೇ ಬಹಳ ಜನ ತಿಳಿದಿಲ್ಲ. "ಸ್ಥಳೀಯ ವಿಕೋಪ" ಅಂತ ಇದೇ ಯೋಜನೆಯಲ್ಲಿ ಒಂದು ಭಾಗ ಇದೆ. ಆಣೆಕಲ್ಲು ಮಳೆ, ಭೂಕುಸಿತ, ಬೆಳೆ ಮುಳುಗಡೆ, ಮೇಘಸ್ಫೋಟ, ಸಿಡಿಲಿನಿಂದ ಹತ್ತಿದ ಬೆಂಕಿ, ಇವುಗಳಿಗೆ ಒಬ್ಬೊಬ್ಬರ ಹೊಲ ನೋಡಿ ಲೆಕ್ಕ ಹಾಕುತ್ತಾರೆ. ಇನ್ನೊಂದು, ಬೆಳೆ ಕೊಯ್ದು ಹೊಲದಲ್ಲೇ ಒಣಗಲಿಕ್ಕೆ ಹರವಿದಾಗ 14 ದಿನದೊಳಗೆ ಅಕಾಲಿಕ ಮಳೆ, ಚಂಡಮಾರುತದ ಮಳೆ, ಆಣೆಕಲ್ಲು ಬಿದ್ದರೂ ಹಾಗೆಯೇ. ಆದರೆ ರಾಶಿ ಮಾಡಿ ಚೀಲ ತುಂಬಿದ ಮೇಲೆ ಇದು ಅನ್ವಯ ಆಗುವುದಿಲ್ಲ. ಶ್ರಾವಣದಲ್ಲಿ ಹೆಸರು ಕಿತ್ತು ಹಾಕಿದಾಗ ಜಡಿ ಹಿಡಿದು ಕಾಯಿಯಲ್ಲೇ ಮೊಳಕೆ ಬರುತ್ತದಲ್ಲ, ಅದಕ್ಕೆ ಇರುವ ದಾರಿ ಇದೇ.

ಎರಡಕ್ಕೂ ಒಂದೇ ಷರತ್ತು: 72 ತಾಸು. ನಷ್ಟ ಆದ 72 ತಾಸಿನೊಳಗೆ ತಿಳಿಸಬೇಕು. ಮೂರು ದಿನ ಮೂರು ರಾತ್ರಿ, ಅದರಲ್ಲಿ ಆದಿತ್ಯವಾರವೂ ಬಂತು, ಹಬ್ಬವೂ ಬಂತು. ನಮ್ಮ ರೈತ ಏನು ಮಾಡುತ್ತಾನೆ? ಮೊದಲ ದಿನ ಮಳೆ ನಿಲ್ಲಲಿ ಅಂತ ಕಾಯುತ್ತಾನೆ. ಎರಡನೇ ದಿನ ನೀರು ಇಳಿಯಲಿ ಅನ್ನುತ್ತಾನೆ. ಮೂರನೇ ದಿನ ಬೆಳೆ ಚೇತರಿಸಿಕೊಂಡೀತು ಅಂತ ನೋಡುತ್ತಾನೆ. ನಾಲ್ಕನೇ ದಿನ ತಲೆ ಮೇಲೆ ಕೈ ಹೊತ್ತು ಸಂಘಕ್ಕೆ ಬರುತ್ತಾನೆ. ಬೆಳೆ ಉಳಿದರೆ ಒಳ್ಳೆಯದೇ ಆಯಿತು, ತಿಳಿಸಿದ್ದಕ್ಕೆ ದಂಡ ಏನೂ ಇಲ್ಲ. ನೀರು ನಿಂತ ದಿನವೇ ತಿಳಿಸಿ. 14447 ಅಂತ ಪುಕ್ಕಟೆ ಫೋನ್ ನಂಬರ್ ಇದೆ. ಬೆಳೆ ವಿಮೆಯ ಮೊಬೈಲ್ ಆಪ್ ಇದೆ. ಫೋನ್ ಬರದವರು ಸಂಘಕ್ಕೆ, ಬ್ಯಾಂಕಿಗೆ ಇಲ್ಲವೇ ರೈತ ಸಂಪರ್ಕ ಕೇಂದ್ರಕ್ಕೆ ಬರೆದು ಕೊಟ್ಟು ಪೋಚ ತೆಗೆದುಕೊಳ್ಳಬೇಕು. ಸರ್ವೆ ನಂಬರ್, ಬೆಳೆ, ಎಷ್ಟು ಎಕರೆ, ಯಾವ ದಿನ, ಏನು ಕಾರಣ, ಇಷ್ಟು ಹೇಳಿದರೆ ಸಾಕು. ನೀರು ನಿಂತಿರುವಾಗಲೇ ಫೋಟೊ ಹೊಡೆಯಿರಿ. ಒಣಗಿದ ಮೇಲೆ ಹೊಡೆದ ಫೋಟೊದಲ್ಲಿ ಏನು ಕಾಣುತ್ತದೆ?

ಇನ್ನೊಂದು ಎಡವಟ್ಟು ಬೆಳೆ ಸಮೀಕ್ಷೆಯದು. ವಿಮೆಗೆ ಬರೆಸಿದ ಬೆಳೆ ಒಂದು, ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಇನ್ನೊಂದು ಆದರೆ ಅರ್ಜಿ ಬದಿಗೆ ಬೀಳುತ್ತದೆ. ನಮಗೆ ತಿಳಿದ ಒಬ್ಬ ರೈತರು ಉಳ್ಳಾಗಡ್ಡಿ ಹಚ್ಚಿ ಉಳ್ಳಾಗಡ್ಡಿಗೇ ಕಂತು ತುಂಬಿದ್ದರು. ಸಮೀಕ್ಷೆಗೆ ಬಂದ ಹುಡುಗ ರಸ್ತೆಯ ಮೇಲಿಂದಲೇ ನೋಡಿ ಗೋವಿನಜೋಳ ಅಂತ ಹಾಕಿದ್ದ. ಅದನ್ನು ಸರಿ ಮಾಡಿಸಲಿಕ್ಕೆ ಅವರು ಎಷ್ಟು ಸಲ ಗಜೇಂದ್ರಗಡಕ್ಕೆ ಬಸ್ಸು ಹತ್ತಿದರೋ ಅವರಿಗೇ ಗೊತ್ತು. ಬಸ್ ಚಾರ್ಜು, ಕೂಲಿ ಕಳೆದದ್ದು ಹಿಡಿದರೆ ಕಂತಿಗಿಂತ ಅದೇ ಹೆಚ್ಚಾಯಿತು. ರೈತ ತಾನೇ ಮೊಬೈಲಿನಿಂದ ಸಮೀಕ್ಷೆ ಮಾಡಲಿಕ್ಕೆ ಅವಕಾಶ ಇದೆ. ಮನೆಯಲ್ಲಿ ಓದಿದ ಮಗ ಇದ್ದರೆ, ಮಗಳು ಇದ್ದರೆ, ಹೊಲಕ್ಕೆ ಕರೆದುಕೊಂಡು ಹೋಗಿ ನೀವೇ ಮಾಡಿ.

ಬಿತ್ತಲಿಕ್ಕೇ ಆಗದ ವರ್ಷಕ್ಕೂ ಒಂದು ಅವಕಾಶ ಇದೆ. ಘಟಕದ ಮುಕ್ಕಾಲು ಪಾಲಿಗಿಂತ ಹೆಚ್ಚು ಕ್ಷೇತ್ರ ಮಳೆ ಇಲ್ಲದೆ ಅಥವಾ ಮಳೆ ಹೆಚ್ಚಾಗಿ ಬಿತ್ತದೇ ಉಳಿದರೆ ವಿಮಾ ಮೊತ್ತದ ಶೇಕಡಾ 25 ಕೊಟ್ಟು ಆ ಬೆಳೆಯ ವಿಮೆ ಮುಗಿಸುತ್ತಾರೆ. ಅದನ್ನು ಸರ್ಕಾರ ಘೋಷಣೆ ಮಾಡಬೇಕು, ನಾವು ಅರ್ಜಿ ಹಾಕಿ ತರುವುದಲ್ಲ.

ಸರ್ಕಾರದ ಪರಿಹಾರ ಬೇರೆ, ವಿಮೆ ಬೇರೆ. ಇದನ್ನು ಕೂಡಿಸಿ ಗೊಂದಲ ಮಾಡಿಕೊಳ್ಳಬೇಡಿ. ವಿಕೋಪ ಪರಿಹಾರ ನಿಧಿಯಿಂದ ಕೊಡುವುದಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಮಾಡಿದ ದರದಂತೆ ಬೆಳೆ ಶೇಕಡಾ 33 ಮತ್ತು ಅದಕ್ಕೂ ಹೆಚ್ಚು ಹಾನಿಯಾದರೆ ಖುಷ್ಕಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಎರಡು ಹೆಕ್ಟೇರಿನ ಮಿತಿಯೊಳಗೆ. ಎಕರೆಗೆ ಲೆಕ್ಕ ಹಾಕಿದರೆ ಖುಷ್ಕಿಗೆ ಮೂರೂವರೆ ಸಾವಿರವೂ ಆಗುವುದಿಲ್ಲ. ಬೀಜ, ಗೊಬ್ಬರ, ಆಳಿನ ಖರ್ಚು ನಿಮಗೇ ಗೊತ್ತು. ಹಾಗಂತ ಅದನ್ನು ಬಿಡಬೇಕು ಅಂತಲ್ಲ, ಎರಡನ್ನೂ ಕೇಳಬೇಕು.

ಮನೆಯ ವಿಮೆ ಅಂದರೆ ನಮ್ಮಲ್ಲಿ ನಗುತ್ತಾರೆ. "ಮಣ್ಣಿನ ಮನಿಗೆ ಎಂಥಾ ವಿಮಾರಿ?" ಅಂತ. 2021ರ ಏಪ್ರಿಲ್ 1ರಿಂದ "ಭಾರತ್ ಗೃಹ ರಕ್ಷಾ" ಅಂತ ಒಂದೇ ನಮೂನೆಯ ಪಾಲಿಸಿಯನ್ನು ಸಾಮಾನ್ಯ ವಿಮಾ ಕಂಪನಿಗಳು ಕೊಡಬೇಕು ಅಂತ ನಿಯಮ ಆಗಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ ಎಲ್ಲಕ್ಕೂ ಅನ್ವಯ. ಮನೆಯ ಮೊತ್ತದ ಶೇಕಡಾ 20ರಷ್ಟು, 10 ಲಕ್ಷದ ಮಿತಿಯಲ್ಲಿ, ಒಳಗಿನ ಸಾಮಾನಿಗೂ ತಾನಾಗಿಯೇ ಬರುತ್ತದೆ. ಆರ್.ಸಿ.ಸಿ. ಮನೆ ಕಟ್ಟಿಸಿಕೊಂಡವರು ಇದನ್ನು ಅವಶ್ಯ ವಿಚಾರಿಸಬೇಕು. ಮಾಳಿಗೆ ಮನೆಯವರು ಕಂತು ಕಟ್ಟುವ ಮೊದಲು ಗೋಡೆ ಎಂಥದು, ಮೇಲ್ಮುದ್ದೆ ಎಂಥದು ಅಂತ ಇದ್ದದ್ದು ಇದ್ದಂಗ ಹೇಳಿ, ತೆಗೆದುಕೊಳ್ಳುತ್ತಾರೋ ಇಲ್ಲವೋ ಅಂತ ಬರಹದಲ್ಲಿ ಕೇಳಬೇಕು. ವಿಮೆ ಇರಲಿ ಬಿಡಲಿ, ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿ ಸೋರುವ ಜಾಗ ಮುಚ್ಚುವುದು, ದೋಣಿ ಸರಿ ಮಾಡುವುದು ರೋಹಿಣಿ ಮಳೆಗೆ ಮೊದಲೇ ಆಗಬೇಕು. ಜಡಿ ಮಳೆಯಲ್ಲಿ ಹಳೆಯ ಗೋಡೆಯ ಪಕ್ಕ ಮಕ್ಕಳನ್ನು ಮಲಗಿಸಬೇಡಿ. 2009ರಲ್ಲಿ ನೀರು ಬಾರದ ಊರುಗಳಲ್ಲೂ ಗೋಡೆ ಬಿದ್ದು ಜೀವ ಹೋಗಿವೆ.

ಇನ್ನು ಜೀವದ್ದು. ಸುರಕ್ಷಾ ಬಿಮಾ ಯೋಜನೆ ಅಂತ ವರ್ಷಕ್ಕೆ 20 ರೂಪಾಯಿಯದು ಇದೆ. 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಮರಣ ಹೊಂದಿದರೆ 2 ಲಕ್ಷ. ಪ್ರವಾಹದಂಥ ನಿಸರ್ಗ ವಿಕೋಪದಲ್ಲಿ ಆದ ಮರಣಕ್ಕೂ ಅನ್ವಯಿಸುತ್ತದೆ. ಜೂನ್ 1ರಿಂದ ಮೇ 31ರವರೆಗೆ ಅದರ ವರ್ಷ, ಮೇ ತಿಂಗಳಲ್ಲಿ ಖಾತೆಯಿಂದ ಕಡಿತ ಆಗುತ್ತದೆ. ಆಗ ಖಾತೆಯಲ್ಲಿ 20 ರೂಪಾಯಿ ಇಲ್ಲದ್ದರಿಂದ ವಿಮೆ ತಪ್ಪುವುದು ಅಂದರೆ ಎಂಥ ಮಾತು ನೋಡಿ! ಹೆಣ್ಣುಮಕ್ಕಳ ಖಾತೆಗಳಲ್ಲಿ ಇದು ಹೆಚ್ಚು ಆಗುತ್ತದೆ. ತಾಯಂದಿರು ಯುಗಾದಿ ಮುಗಿದ ಮೇಲೆ ಒಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಬೇಕು.

ಬಣವಿಗೆ ಕಿಡಿ ಹಾರಿ ಸುಟ್ಟರೆ ಅದು ಬೆಳೆ ವಿಮೆಯಲ್ಲಿ ಬರುವುದಿಲ್ಲ ಅನ್ನುವುದನ್ನೂ ತಿಳಿದಿರಿ. ಒಬ್ಬ ಒಡ್ಡು ಸುಡಲಿಕ್ಕೆ ಹಚ್ಚಿದ ಬೆಂಕಿ ಗಾಳಿಗೆ ಎದ್ದು ಇನ್ನೊಬ್ಬನ ಬಣವಿಗೆ ಹೋದರೆ ದನಗಳಿಗೆ ಮೇವೂ ಇಲ್ಲ, ಕೇಳಲಿಕ್ಕೆ ವಿಮೆಯೂ ಇಲ್ಲ, ಉಳಿಯುವುದು ಓಣಿಯ ಜಗಳ. ದಂಟು ಬೇಡವಾದರೆ ರೋಟಾವೇಟರ್ ಹೊಡೆಸಿ, ಇಲ್ಲ ತಿಪ್ಪೆಗೆ ಹಾಕಿ ಕೊಳೆಸಿ. ರೋಟಾವೇಟರ್ ಬಾಡಿಗೆ ದುಬಾರಿ ಅನ್ನುತ್ತೀರಿ, ಆ ಮಾತು ಒಪ್ಪುತ್ತೇವೆ. ಸಂಘದಿಂದಲೇ ಒಂದನ್ನು ಕೊಂಡು ಸದಸ್ಯರಿಗೆ ಕಡಿಮೆ ಬಾಡಿಗೆಗೆ ಕೊಡುವ ವಿಚಾರ ಮಂಡಳಿಯಲ್ಲಿ ನಡೆದಿದೆ, ಇನ್ನೂ ನಿರ್ಣಯ ಆಗಿಲ್ಲ. ಹಣದ ಪ್ರಶ್ನೆ ಇದೆ.

ಆದರೆ ಹಣ ಬೇಡದ ಒಂದು ಕೆಲಸ ಇದೆ. ಅದನ್ನು ಈ ವರ್ಷದ ಸರ್ವಸಾಧಾರಣ ಸಭೆಯಲ್ಲಿ ಠರಾವಿಗೆ ಇಡುತ್ತೇವೆ, ನೀವು ಬೆಂಬಲ ಕೊಡಬೇಕು. ಜೂನ್‌ನಿಂದ ಅಕ್ಟೋಬರ್ ತನಕ ಸಂಘದ ಕಚೇರಿಯಲ್ಲಿ ಒಂದು ಹಾನಿ ವಹಿ ಇಡಬೇಕು. ಹೊಲದಲ್ಲಿ ನೀರು ನಿಂತ ಸದಸ್ಯ ಬಂದು ಹೇಳಿದ ಕೂಡಲೇ ದಿನ, ವೇಳೆ, ಸರ್ವೆ ನಂಬರ್ ಬರೆದುಕೊಂಡು ಅಲ್ಲಿಂದಲೇ 14447ಕ್ಕೆ ಫೋನ್ ಹಚ್ಚಿ, ಅವರು ಕೊಟ್ಟ ತಕರಾರು ನಂಬರನ್ನು ವಹಿಯಲ್ಲೂ ಚೀಟಿಯಲ್ಲೂ ಬರೆದು ಕೊಡಬೇಕು. ಜೋರು ಮಳೆಯಾದ ಮೇಲೆ ಮೂರು ದಿನ, ಸೂಟಿ ಇದ್ದರೂ, ಇಬ್ಬರು ನಿರ್ದೇಶಕರು ಪಾಳಿಯಂತೆ ಕಚೇರಿಯಲ್ಲಿ ಕೂಡಬೇಕು. ಮೊದಲ ಪಾಳಿ ನಾವೇ ತೆಗೆದುಕೊಳ್ಳುತ್ತೇವೆ. ಸಾಲ ಇದ್ದವರು, ಇಲ್ಲದವರು, ಲಾವಣಿ ಹೊಲ ಮಾಡುವವರು, ಯಾರು ಬಂದರೂ ಬರೆದುಕೊಳ್ಳಬೇಕು. ಲಾವಣಿದಾರರದ್ದು ಕಾಗದದ ತೊಂದರೆ ಬೇರೆ ಇದೆ, ಹೊಲದ ಒಡೆಯರು ಬಿತ್ತಿಗೆಗೆ ಮೊದಲೇ ಒಪ್ಪಿಗೆ ಬರೆದು ಕೊಟ್ಟರೆ ಅರ್ಧ ಕೆಲಸ ಹಗುರಾದೀತು. ಒಡೆಯರು ಸಹಿ ಮಾಡಲಿಕ್ಕೆ ಹಿಂದೆ ಮುಂದೆ ನೋಡುತ್ತಾರೆ, ಅವರೂ ಇಲ್ಲೇ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ!

ಊಟದ ನಂತರ ಕಾರ್ಯದರ್ಶಿಗಳು ಮೇಜಿನ ಹತ್ತಿರ ಕೂಡುತ್ತಾರೆ. ಉತಾರ, ಆಧಾರ್, ಪಾಸ್‌ಬುಕ್ ತಂದವರು ಕಳೆದ ಹಂಗಾಮಿನ ತಮ್ಮ ವಿಮೆ ಆಗಿತ್ತೋ ಇಲ್ಲವೋ, ಯಾವ ಬೆಳೆ ದಾಖಲಾಗಿದೆ ಅಂತ ಅಲ್ಲೇ ತಾಳೆ ನೋಡಿಕೊಳ್ಳಬಹುದು. ತರದವರು ಸೋಮವಾರ ಕಚೇರಿಗೆ ಬನ್ನಿ.